ಬೂಟಿನೊಳಗಿನ ಮರದ ಪಾದ

ಒಳ್ಳೆಯ ಚರ್ಮದ ಬೂಟು ರೂಪು ತಳೆಯುವುದು ಮನುಷ್ಯನ ಪಾದದ ಮೇಲಲ್ಲ, ಮರದ ಪಾದದ ಮೇಲೆ. ಅಚ್ಚು ಎನ್ನುವ ಈ ಮರದ ಪಾದಕ್ಕೆ ಒದ್ದೆ ಚರ್ಮವನ್ನು ಬಿಗಿಯಾಗಿ ಎಳೆದು, ಮೊಳೆ ಬಡಿದು ಒಣಗಿಸಿದರೆ ಚರ್ಮ ಆ ಆಕಾರವನ್ನೇ ಹಿಡಿದುಕೊಳ್ಳುತ್ತದೆ. ಬೂಟು ಅಂಗಡಿಯಿಂದ ಮನೆಗೆ ಬಂದ ಮೇಲೂ ಆ ಆಕಾರ ಉಳಿಯಬೇಕಾದರೆ ಇನ್ನೊಂದು ಮರದ ಪಾದ ಬೇಕು. ಇಂಗ್ಲೆಂಡಿನಲ್ಲಿ ಅದಕ್ಕೆ ‘ಷೂ ಟ್ರೀ’ ಎಂದು ಹೆಸರು. ಹಳೆಯ ಇಂಗ್ಲಿಷಿನಲ್ಲಿ ಮರದಿಂದ ಮಾಡಿದ ಸಾಧನಕ್ಕೂ ‘ಟ್ರೀ’ ಎನ್ನುತ್ತಿದ್ದರು.

ಯೂರೋಪಿನಲ್ಲಿ 1600ರ ಸುಮಾರಿಗೆ ಎತ್ತರದ ಹೀಲ್ ಬಂದಾಗ ಎಡಕ್ಕೊಂದು, ಬಲಕ್ಕೊಂದು ಅಚ್ಚು ಕೆತ್ತುವುದು ಕಷ್ಟದ, ದುಬಾರಿ ಕೆಲಸವಾಯಿತು. ಹಾಗಾಗಿ ಸುಮಾರು 2 ಶತಮಾನ ಕಾಲ ಎರಡೂ ಕಾಲಿಗೆ ಒಂದೇ ಆಕಾರದ ಬೂಟು. ಎಡ-ಬಲದ ಭೇದ ಮರಳಿದ್ದು 1800ರ ಆಸುಪಾಸಿನಲ್ಲಿ. 1819ರಲ್ಲಿ ಅಮೆರಿಕದ ಥಾಮಸ್ ಬ್ಲಾಂಚರ್ಡ್ ಬಂದೂಕಿನ ಹಿಡಿಗಳನ್ನು ಕಡೆಯಲು ಮಾಡಿದ ಯಂತ್ರ, ಮಾದರಿಯನ್ನು ಯಥಾವತ್ತಾಗಿ ನಕಲು ಮಾಡುತ್ತಿತ್ತು. ಮುಂದೆ ಅದೇ ಯಂತ್ರ ಬೂಟಿನ ಅಚ್ಚುಗಳನ್ನೂ ಕಡೆಯಿತು.

ಅದು ಉದ್ದ ಬೂಟುಗಳ ಕಾಲ. 1799ರಲ್ಲಿ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದ ಆರ್ಥರ್ ವೆಲ್ಲೆಸ್ಲಿ ಮುಂದೆ ವೆಲ್ಲಿಂಗ್ಟನ್ನಿನ ಡ್ಯೂಕ್ ಆದ. ಅವನ ಹೆಸರು ಒಂದು ಬಗೆಯ ಬೂಟಿಗೂ ಅಂಟಿಕೊಂಡಿತು. ಮೊಣಕಾಲಿನವರೆಗೆ ಬರುವ ಇಂಥ ಚರ್ಮದ ಬೂಟುಗಳನ್ನು ಬರಿದೇ ಇಟ್ಟರೆ ಕುಸಿದು ಮಡಿಕೆ ಬೀಳುತ್ತವೆ. ಅದಕ್ಕೆಂದೇ ಮುಂದಿನ ತುಂಡು, ಹಿಂದಿನ ತುಂಡು, ನಡುವೆ ಬಡಿದಿಳಿಸುವ ಬೆಣೆ ಇರುವ ‘ಬೂಟ್ ಟ್ರೀ’ಗಳಿದ್ದವು. ಸಿರಿವಂತರ ಮನೆಗಳಲ್ಲಿ ಈ ಕೆಲಸ ಸೇವಕರದು.

ಇದರ ಹಿಂದೆ ಸರಳ ಕಾರಣವಿದೆ. ದಿನವಿಡೀ ಬೆವರು ಹೀರಿದ ಚರ್ಮದ ನಾರುಗಳು ಮೆತ್ತಗಾಗಿರುತ್ತವೆ. ಒಣಗುವಾಗ ಅವು ಕುಗ್ಗಿ, ಆಗ ಇದ್ದ ಭಂಗಿಯಲ್ಲೇ ಗಟ್ಟಿಯಾಗುತ್ತವೆ. ಬೆರಳುಗಳ ಬಳಿಯ ಸುಕ್ಕು ಆಳವಾಗುತ್ತದೆ, ಅಟ್ಟೆ ಮೇಲಕ್ಕೆ ಬಾಗುತ್ತದೆ. ಆದ್ದರಿಂದ ಬೂಟು ಕಳಚಿದ ಕೂಡಲೇ ಷೂ ಟ್ರೀ ತೂರಿಸಬೇಕು. ಮರುದಿನ ಹಾಕಿದರೆ ಅರ್ಧ ಪ್ರಯೋಜನ ಹೋದಂತೆ. ಬಣ್ಣ, ವಾರ್ನಿಷ್ ಬಳಿಯದ ಸೀಡರ್ ಮರ ತೇವವನ್ನೂ ಹೀರುತ್ತದೆ. ಅಳತೆ ಮೀರಿದ ಟ್ರೀ ಮಾತ್ರ ಬೂಟನ್ನೇ ಹಿಗ್ಗಿಸಿಬಿಡುತ್ತದೆ.

ಲಂಡನ್ನಿನಲ್ಲಿ 1866ರಲ್ಲಿ ಆರಂಭವಾದ ಜಾನ್ ಲಾಬ್ ಅಂಗಡಿಯವರು ಗಿರಾಕಿಗಳ ಅಚ್ಚುಗಳನ್ನು ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ. ಅಚ್ಚಿದ್ದರೆ ಹೊಸ ಜೊತೆ ಹೊಲಿಯಬಹುದು. ಸವೆದ ಅಟ್ಟೆಯನ್ನು ಬದಲಿಸಬಹುದು, ಹೀಲನ್ನೂ ಬದಲಿಸಬಹುದು. ಆದರೆ ಮೇಲಿನ ಚರ್ಮ ಸುಕ್ಕುಗಟ್ಟಿ ಬಿರಿಯಿತೆಂದರೆ ಆ ಬೂಟಿನ ಆಯುಷ್ಯ ಮುಗಿದಂತೆಯೇ. ಬದಲಿಸಲಾಗದ ಆ ಒಂದು ಭಾಗವನ್ನು ಕಾಯುವುದೇ ಈ ಮರದ ಪಾದದ ಕೆಲಸ.