ಗಡಿಗೆಯೊಳಗಿನ ಬೇಸ್

ಹೋದ ವರ್ಷ ಬೆಂಗಳೂರಿನ ಫ್ಲಾಟಿಗೆ ಒಂದು ಜೋಡಿ ಸ್ಪೀಕರ್ ತಂದೆ. ಹಾಲಿನ ಎರಡು ಮೂಲೆಗೆ ತುರುಕಿ ಹಾಡು ಹಚ್ಚಿದರೆ ಬರೀ ಗುಂಯ್ ಗುಂಯ್. ಚನ್ನಗಿರಿಯಿಂದ ಬಂದಿದ್ದ ಅಪ್ಪ ಐದು ನಿಮಿಷ ಕೇಳಿ, "ಮೂಲೆ ಬಿಡಿಸಪ್ಪ, ಗಡಿಗೆ ಸದ್ದು ಬರ್ತೈತೆ" ಅಂದ್ರು. ನಕ್ಕೆ. ಎರಡಡಿ ಮುಂದಕ್ಕೆ ಎಳೆದ ಮೇಲೆ ನಗು ನಿಂತಿತು. ಅಪ್ಪ ಹೇಳಿದ್ದು ಸರಿಯಾಗಿತ್ತು.

ನಮ್ಮ ಕಡೆ ಮನೆಯೊಳಗಿನ ಸದ್ದಿನ ಕಥೆ ರೇಡಿಯೋದಿಂದ ಶುರು. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಲ್ಲೇ ರೇಡಿಯೋ ನಿಲಯ ಆರಂಭಿಸಿದ್ದರು. ನಮ್ಮ ಸೀಮೆಗೆ ಹತ್ತಿರದ ನಿಲಯ ಬಂದದ್ದು 1965ರಲ್ಲಿ, ಭದ್ರಾವತಿಯಲ್ಲಿ. ಆಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ನ್ಯಾಮತಿ ಹೊನ್ನಾಳಿ ತಾಲ್ಲೂಕಿನ ಒಳಗಿತ್ತು. ಜಗಳೂರು ಚಿತ್ರದುರ್ಗಕ್ಕೆ ಸೇರಿತ್ತು. ಎಲ್ಲವೂ ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ರೇಡಿಯೋಗೆ ಈ ಗಡಿಗಳ ಹಂಗಿರಲಿಲ್ಲ. ಅಂಚೆ ಕಚೇರಿಯಲ್ಲಿ ಲೈಸೆನ್ಸ್ ದುಡ್ಡು ಕಟ್ಟಿ ಇಟ್ಟುಕೊಂಡ ಪೆಟ್ಟಿಗೆ ಗೋಡೆಯ ಎತ್ತರದಲ್ಲಿ ಕೂರ್ತಿತ್ತು. ಮಕ್ಕಳ ಕೈಗೆ ಸಿಗಬಾರದು, ಪಡಸಾಲೆಯಲ್ಲಿ ಕೂತ ಎಲ್ಲರಿಗೂ ಕೇಳಬೇಕು, ಅಷ್ಟೇ ಲೆಕ್ಕ.

ಬೇಸ್‌ನ ಹುಚ್ಚು ಹಿಡಿಸಿದ್ದು ಕ್ಯಾಸೆಟ್ಟು. ಫಿಲಿಪ್ಸ್ 1963ರಲ್ಲಿ ತಂದ ಕ್ಯಾಸೆಟ್ಟು ಎಂಬತ್ತರ ದಶಕದಲ್ಲಿ ನಮ್ಮೂರಿನ ಮನೆಗಳಿಗೂ ನುಗ್ಗಿತು. 1987ರ 'ಪ್ರೇಮಲೋಕ'ದ ಹಾಡುಗಳನ್ನ ಟೇಪ್‌ರೆಕಾರ್ಡರಿನ ಅಂಗೈಯಗಲದ ಸ್ಪೀಕರಿನಲ್ಲಿ ಕೇಳಿ ಯಾರಿಗೆ ತಾನೇ ಸಮಾಧಾನವಾದೀತು? ರಿಪೇರಿ ಅಂಗಡಿಯಿಂದ ಬಿಡಿ ಸ್ಪೀಕರ್ ತಂದು, ವೈರ್ ಎಳೆದು, ಮಣ್ಣಿನ ಗಡಿಗೆಯ ಬಾಯಿ ಮೇಲೆ ಅಂಗಾತ ಮಲಗಿಸಿದರೆ ಆಯ್ತು. ಆ ಕಾಲದಲ್ಲಿ ಊರಲ್ಲಿ ಬೆಳೆದ ಯಾರನ್ನಾದರೂ ಕೇಳಿ ನೋಡಿ, ಗಡಿಗೆ ಸ್ಪೀಕರ್ ಅಂದರೆ ಮುಖ ಅರಳುತ್ತೆ.

ಇದು ಬಡವರ ಜುಗಾಡ್ ಮಾತ್ರ ಅಲ್ಲ. ಇವತ್ತಿಗೂ ನಾವು ಬಳಸುವ ಸ್ಪೀಕರಿನ ರೂಪವನ್ನ 1925ರಲ್ಲಿ ಕೊಟ್ಟವರು ಜನರಲ್ ಎಲೆಕ್ಟ್ರಿಕ್‌ನ ರೈಸ್ ಮತ್ತು ಕೆಲ್ಲಾಗ್. ಅದರ ಕಾಗದದ ಕೋನ್ ಮುಂದಕ್ಕೆ ಗಾಳಿ ತಳ್ಳುವಾಗಲೇ ಹಿಂದಿನ ಗಾಳಿಯನ್ನ ಎಳೆಯುತ್ತೆ. ಬಿಡಿಯಾಗಿ ಇಟ್ಟರೆ ಹಿಂದಿನ ಅಲೆ ಸುತ್ತಿ ಬಂದು ಮುಂದಿನದನ್ನ ನುಂಗಿಹಾಕುತ್ತೆ. ಮೊದಲು ಸಾಯೋದೇ ಬೇಸ್. ಗಡಿಗೆ ಆ ಹಿಂದಿನ ಅಲೆಯನ್ನ ಒಳಗೇ ಕೂಡಿಹಾಕ್ತಿತ್ತು. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಗಾಳಿಯಾಡದಂತೆ ಮುಚ್ಚಿದ ಪುಟ್ಟ ಪೆಟ್ಟಿಗೆಯಿಂದ ದೊಡ್ಡ ಬೇಸ್ ಹೊರಡಿಸಿದ್ದರು. ಒಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ದುಡಿಸಿಕೊಂಡದ್ದು ಅವರ ಜಾಣತನ. ಅಪ್ಪನಿಗೆ ವಿಲ್ಚರ್ ಗೊತ್ತಿರಲಿಲ್ಲ, ಕಿವಿ ಗೊತ್ತಿತ್ತು. ಗಡಿಗೆ ತನ್ನದೇ ಒಂದು ಸ್ವರ ಸೇರಿಸಿ ಗುಂಯ್ಗುಟ್ಟಿದಾಗ ಅಮ್ಮನ ಹಳೇ ಸೀರೆ ಒಳಗೆ ತುರುಕ್ತಿದ್ದರು. ವಿಲ್ಚರ್ ಪೆಟ್ಟಿಗೆಗೆ ತುಂಬಿದ್ದು ಗಾಜಿನ ನಾರು.

ಗಡಿಗೆಗೂ ಮಿತಿ ಇತ್ತು. ಚೂಪು ಸ್ವರಗಳು ನೇರ ಗೆರೆಯಲ್ಲಿ ಓಡುವಂಥವು. ಸ್ಪೀಕರಿನ ಮುಖ ಸೂರಿನ ಕಡೆ ಇದ್ದರೆ ಹಾಡಿನ ಮಾತು ಮಸುಕು. ಸ್ಟೀರಿಯೋ ಅಂತೂ ಕೇಳಲೇಬೇಡಿ. ನಮ್ಮನೆಯಲ್ಲಿ ಒಂದು ಗಡಿಗೆ ಪಡಸಾಲೆಯಲ್ಲಿ, ಇನ್ನೊಂದು ಅಡುಗೆಮನೆಯಲ್ಲಿ. ಹಾಡುವವರ ದನಿ ಎರಡೂ ಕಡೆ ಬರ್ತಿತ್ತು, ಒಂದು ಬದಿಗಷ್ಟೇ ಸೇರಿಸಿದ ವಾದ್ಯ ಅಮ್ಮನ ಪಾಲಿಗೇ ಉಳೀತಿತ್ತು.

ಇವತ್ತು ನಿಮ್ಮ ಹಾಲಿನಲ್ಲಿ ಮಾಡಬೇಕಾದ್ದು ಇಷ್ಟೇ. ಸ್ಪೀಕರನ್ನ ಮೂಲೆಯಿಂದ ಬಿಡಿಸಿ; ಮೂಲೆ ಬೇಸನ್ನ ಉಬ್ಬಿಸುತ್ತೆ. ಎರಡು ಸ್ಪೀಕರ್, ನಿಮ್ಮ ತಲೆ, ಮೂರೂ ಸೇರಿ ಸಮಬಾಹು ತ್ರಿಭುಜ ಆಗಲಿ. ಟ್ವೀಟರ್ ಕಿವಿಯ ಎತ್ತರಕ್ಕಿರಲಿ. ಬರಿಗೋಡೆ, ಟೈಲ್ಸ್ ನೆಲ ಸದ್ದನ್ನ ಚೆಂಡಿನಂತೆ ವಾಪಸ್ ಎಸೀತವೆ. ಒಂದು ಜಮಖಾನ, ದಪ್ಪ ಪರದೆ, ಪುಸ್ತಕದ ಕಪಾಟು ಸಾಕು. ಇನ್ನೂ ದುಬಾರಿ ಸ್ಪೀಕರ್ ಹುಡುಕೋಕೆ ಮುಂಚೆ ಇದನ್ನ ಮಾಡಿ ನೋಡಿ.

ನಾನೂ ಮಾಡಿದೆ. ಸದ್ದು ಅದ್ಭುತವಾಗಿದೆ, ಆದರೆ ತ್ರಿಭುಜದ ತುದಿಯಲ್ಲಿ ಕೂತ ಒಬ್ಬನಿಗೆ ಮಾತ್ರ. ಪಕ್ಕದ ಕುರ್ಚಿಯಲ್ಲಿ ಕೂತ ಅಪ್ಪನಿಗೆ ಒಂದೇ ಬದಿ ಜೋರು. ನಮ್ಮ ಹಳೇ ಗಡಿಗೆ ಯಾರಿಗೂ ಅಷ್ಟು ಚೆನ್ನಾಗಿ ಕೇಳಿಸಿರಲಿಲ್ಲ, ಆದರೆ ಎಲ್ಲರಿಗೂ ಕೇಳಿಸ್ತಿತ್ತು. ಈಗ ಅಪ್ಪ ಬಂದಾಗ ಮಧ್ಯದ ಜಾಗ ಅವರಿಗೆ. ನಾನು ಅಡುಗೆಮನೆಯಿಂದ ಕೇಳ್ತೀನಿ.