ಮಗುವಿಗೆ ‘ಒಂದು ಚಮಚ’ ಔಷಧ: ಆ ಚಮಚದಲ್ಲಿ ನಿಜಕ್ಕೂ ಎಷ್ಟಿದೆ?

ಸರ್ವಜ್ಞನ ಊರೆಂದು ಹೆಸರಾದ ಹಾವೇರಿ ಜಿಲ್ಲೆಯ ಅಬಲೂರಿನಲ್ಲಿ ನಮ್ಮ ಸಂಬಂಧಿಕರ ಮನೆಯಿದೆ. ಒಮ್ಮೆ ನಾನು ಅಲ್ಲಿಗೆ ಹೋಗಿದ್ದಾಗ ಎಂಟು ತಿಂಗಳ ಕೂಸಿಗೆ ರಾತ್ರಿ ಜ್ವರ ಬಂತು. ಅಜ್ಜಿ ಗೋಡೆಯ ಗೂಡಿನಿಂದ ಒಂದು ಸಣ್ಣ ಬಾಟಲಿ ತೆಗೆದು, ಅಡುಗೆಮನೆಯ ಚಮಚಕ್ಕೆ ಬಗ್ಗಿಸಲು ಹೊರಟರು. “ಹೋದ ಸಲ ಒಂದು ಚಮಚ ಹಾಕಿದ್ವಿ, ಜ್ವರ ಇಳಿದಿತ್ತು. ಇದೂ ಅದ ಹೆಸರಿನ ಔಷಧ ಐತಲ್ಲ?” ಎಂದರು.

ಹೆಸರು ಅದೇ ಆಗಿತ್ತು. ಆದರೆ ಹೋದ ಸಲದ್ದು ಸಿರಪ್, ಈ ಸಲ ಕೈಯಲ್ಲಿದ್ದದ್ದು ಡ್ರಾಪ್ಸ್. ಆ ಒಂದು ಚಮಚದಲ್ಲಿ ಕೂಸಿಗೆ ಬೇಕಾದ್ದಕ್ಕಿಂತ ಸುಮಾರು ಐದು ಪಟ್ಟು ಔಷಧ ಹೋಗುತ್ತಿತ್ತು.

ಇದು ಒಂದು ಮನೆಯ ಕಥೆಯಲ್ಲ. “ಮಕ್ಕಳಿಗೆ ಜ್ವರ ಬಂದರೆ ಈ ಔಷಧ ಒಂದು ಚಮಚ ಕೊಡಿ”, “ದೊಡ್ಡವರ ಮಾತ್ರೆ ಅರ್ಧ ಮಾಡಿ ಕೊಡಿ” ಎಂಬಂಥ ಸಂದೇಶಗಳು ವಾಟ್ಸ್‌ಆ್ಯಪ್‌ನಲ್ಲಿ ಕೈಯಿಂದ ಕೈಗೆ ಹೋಗುತ್ತಲೇ ಇರುತ್ತವೆ. ಅವುಗಳಲ್ಲಿ ಎಷ್ಟು ಸರಿ, ಎಷ್ಟು ತಪ್ಪು? ಒಂದೊಂದಾಗಿ ನೋಡೋಣ.

ತಪ್ಪು ನಂಬಿಕೆ 1: ಔಷಧದ ಹೆಸರು ಒಂದೇ ಇದ್ದರೆ ಪ್ರಮಾಣವೂ ಒಂದೇ

ಮಕ್ಕಳ ಜ್ವರಕ್ಕೆ ಹೆಚ್ಚಾಗಿ ಕೊಡುವುದು ಪ್ಯಾರಾಸಿಟಮಾಲ್. ಇದು ಅಂಗಡಿಯಲ್ಲಿ ಬೇರೆ ಬೇರೆ ‘ಗಟ್ಟಿ’ಯಲ್ಲಿ ಸಿಗುತ್ತದೆ. ಲೇಬಲ್ ಮೇಲೆ ಅದು ಹೀಗೆ ಬರೆದಿರುತ್ತದೆ:

- ಸಿರಪ್: 5 ಮಿ.ಲೀ.ನಲ್ಲಿ 120 ಅಥವಾ 125 ಮಿ.ಗ್ರಾಂ.
- ಇನ್ನೊಂದು ಸಿರಪ್: 5 ಮಿ.ಲೀ.ನಲ್ಲಿ 250 ಮಿ.ಗ್ರಾಂ.
- ಡ್ರಾಪ್ಸ್: 1 ಮಿ.ಲೀ.ನಲ್ಲಿಯೇ 100 ಮಿ.ಗ್ರಾಂ.

ಎಳೆಯ ಕೂಸುಗಳಿಗೆ ಹೆಚ್ಚು ದ್ರವ ಕುಡಿಸುವುದು ಕಷ್ಟ. ಸ್ವಲ್ಪದರಲ್ಲೇ ಬೇಕಾದಷ್ಟು ಔಷಧ ಹೋಗಲಿ ಎಂದು ಡ್ರಾಪ್ಸ್ ಅನ್ನು ಗಟ್ಟಿಯಾಗಿ ಮಾಡಿರುತ್ತಾರೆ. “ಸಣ್ಣ ಬಾಟಲಿ, ಸಣ್ಣ ಮಕ್ಕಳದ್ದು, ಹಾಗಾಗಿ ಸೌಮ್ಯ” ಎಂದು ನಾವು ತಿಳಿಯುತ್ತೇವೆ. ನಿಜ ಅದರ ತಿರುವುಮುರುವು.

ಪ್ಯಾರಾಸಿಟಮಾಲ್ ಲೆಕ್ಕ ಮಗುವಿನ ತೂಕದ ಮೇಲೆ ನಿಲ್ಲುತ್ತದೆ. ಒಂದು ಸಲಕ್ಕೆ ಪ್ರತಿ ಕಿಲೋ ತೂಕಕ್ಕೆ 10ರಿಂದ 15 ಮಿ.ಗ್ರಾಂ. ಎರಡು ಸಲದ ನಡುವೆ 4ರಿಂದ 6 ಗಂಟೆ ಅಂತರ ಇರಬೇಕು. 24 ಗಂಟೆಯಲ್ಲಿ ನಾಲ್ಕು ಸಲ ಮೀರಬಾರದು.

ಆ ಕೂಸಿನ ತೂಕ 8 ಕಿಲೋ. ಅಂದರೆ ಒಂದು ಸಲಕ್ಕೆ 80ರಿಂದ 120 ಮಿ.ಗ್ರಾಂ. ಸಾಕು. ಅದು ಯಾವ ಬಾಟಲಿಯಲ್ಲಿ ಎಷ್ಟಾಗುತ್ತದೆ ನೋಡಿ:

- 120ರ ಸಿರಪ್ ಆದರೆ 5 ಮಿ.ಲೀ. (120 ಮಿ.ಗ್ರಾಂ.)
- 250ರ ಸಿರಪ್ ಆದರೆ 2 ಮಿ.ಲೀ. (100 ಮಿ.ಗ್ರಾಂ.)
- ಡ್ರಾಪ್ಸ್ ಆದರೆ 1 ಮಿ.ಲೀ. (100 ಮಿ.ಗ್ರಾಂ.)

ಡ್ರಾಪ್ಸ್ ಬಾಟಲಿಯಿಂದ 5 ಮಿ.ಲೀ. ಹಾಕಿದರೆ 500 ಮಿ.ಗ್ರಾಂ. ಆಗುತ್ತದೆ. ಇಡೀ ದಿನಕ್ಕೆ ಕೊಡಬಹುದಾದ ಗರಿಷ್ಠ ಪ್ರಮಾಣ ಒಂದೇ ಗುಟುಕಿನಲ್ಲಿ ಮುಗಿಯಿತು. ಇಂಥ ತಪ್ಪು ಒಮ್ಮೆ ಆದರೆ ಸಾಮಾನ್ಯವಾಗಿ ಪ್ರಾಣಕ್ಕೆ ಕುತ್ತು ಬರುವುದಿಲ್ಲ. ಆದರೆ ಅದೇ ಚಮಚ ಆರು ಗಂಟೆಗೊಮ್ಮೆ, ಎರಡು ಮೂರು ದಿನ ನಡೆದರೆ ಮಗುವಿನ ಯಕೃತ್ತಿಗೆ ದೊಡ್ಡ ಪೆಟ್ಟು ಬೀಳುತ್ತದೆ. ಮೊದಲ ದಿನ ಮಗು ಚೆನ್ನಾಗಿಯೇ ಕಾಣಬಹುದು. ಹಾನಿ ಗೊತ್ತಾಗುವುದು ಆಮೇಲೆ.

ತಪ್ಪು ಇನ್ನೊಂದು ದಿಕ್ಕಿಗೂ ಆಗುತ್ತದೆ. “ಡ್ರಾಪ್ಸ್ 1 ಮಿ.ಲೀ.” ಎಂದು ಹೇಳಿದ್ದನ್ನು ನೆನಪಿಟ್ಟು 120ರ ಸಿರಪ್ 1 ಮಿ.ಲೀ. ಕೊಟ್ಟರೆ ಹೋಗುವುದು 24 ಮಿ.ಗ್ರಾಂ. ಮಾತ್ರ. ಜ್ವರ ಇಳಿಯುವುದಿಲ್ಲ. “ಈ ಔಷಧ ನಾಟಲಿಲ್ಲ, ಇಂಜೆಕ್ಷನ್ ಮಾಡಿಸೋಣ” ಎಂದು ಓಡುತ್ತೇವೆ.

ತಪ್ಪು ನಂಬಿಕೆ 2: ಮನೆಯ ಚಮಚ ಅಂದರೆ 5 ಮಿ.ಲೀ.

ಮನೆಯಲ್ಲಿರುವ ಚಮಚಗಳನ್ನೆಲ್ಲ ಒಂದು ಕಡೆ ಇಟ್ಟು ನೋಡಿ. ಸಕ್ಕರೆ ಡಬ್ಬಿಯದ್ದು ಒಂದು ಅಳತೆ, ಉಪ್ಪಿನಕಾಯಿಯದ್ದು ಇನ್ನೊಂದು, ಊಟದ್ದು ಮತ್ತೊಂದು. ಕೂಸಿಗೆ ಹಾಲು ಕುಡಿಸುವ ಒಳಲೆಯಲ್ಲೂ ಅಳತೆಯ ಗೆರೆ ಇರುವುದಿಲ್ಲ. ದೊಡ್ಡವರಿಗೆ ಒಂದೆರಡು ಮಿ.ಲೀ. ಹೆಚ್ಚುಕಡಿಮೆಯಾದರೆ ನಡೆದೀತು. ಎಂಟು ಕಿಲೋ ಕೂಸಿಗೆ ನಡೆಯುವುದಿಲ್ಲ.

ಬಾಟಲಿಯ ಜೊತೆ ಬಂದ ಗೆರೆಯಿರುವ ಮುಚ್ಚಳ ಅಥವಾ ಡ್ರಾಪರ್ ಮಾತ್ರ ಬಳಸಿ. ಕಳೆದುಹೋಗಿದ್ದರೆ ಔಷಧ ಅಂಗಡಿಯಲ್ಲಿ ಸೂಜಿಯಿಲ್ಲದ 5 ಮಿ.ಲೀ. ಸಿರಿಂಜ್ ಕೇಳಿ, ಕಡಿಮೆ ಹಣಕ್ಕೆ ಸಿಗುತ್ತದೆ. ಒಂದು ಔಷಧದ ಡ್ರಾಪರ್ ಇನ್ನೊಂದಕ್ಕೆ ಬೇಡ.

ಕುಡಿಸುವಾಗ ಮಗುವನ್ನು ಪೂರ್ತಿ ಮಲಗಿಸಬೇಡಿ, ಮೂಗು ಹಿಡಿಯಬೇಡಿ. ತೊಡೆಯ ಮೇಲೆ ತಲೆ ಎತ್ತಿ ಕೂರಿಸಿಕೊಂಡು, ಕೆನ್ನೆಯ ಒಳಬದಿಗೆ ಸ್ವಲ್ಪ ಸ್ವಲ್ಪವಾಗಿ ಬಿಡಿ. ಅಳುವ ಮಗುವಿನ ಗಂಟಲಿಗೆ ಒಮ್ಮೆಲೇ ಸುರಿದರೆ ಔಷಧ ಶ್ವಾಸನಾಳಕ್ಕೆ ಇಳಿಯಬಹುದು. ಬಾಟಲಿ ತುಂಬ ಹಾಲಿಗೆ ಔಷಧ ಬೆರೆಸಿದರೆ, ಮಗು ಅರ್ಧಕ್ಕೆ ಬಿಟ್ಟಾಗ ಎಷ್ಟು ಹೋಯಿತು ಎಂದು ತಿಳಿಯುವುದಿಲ್ಲ.

ತಪ್ಪು ನಂಬಿಕೆ 3: ದೊಡ್ಡವರ ಮಾತ್ರೆಯಲ್ಲಿ ಅರ್ಧ ಕೊಟ್ಟರೆ ಆಯಿತು

650ರ ಮಾತ್ರೆಯ ಅರ್ಧ ಅಂದರೆ 325 ಮಿ.ಗ್ರಾಂ. ಅದು ಎಂಟು ಕಿಲೋ ಕೂಸಿನ ಗರಿಷ್ಠ ಪ್ರಮಾಣದ ಎರಡೂವರೆ ಪಟ್ಟಿಗಿಂತ ಹೆಚ್ಚು. ಕೈಯಲ್ಲಿ ಮುರಿದ ಮಾತ್ರೆ ಸಮವಾಗಿ ಮುರಿದಿರುತ್ತದೆ ಎಂಬ ಖಾತ್ರಿಯೂ ಇಲ್ಲ.

ಇನ್ನು ಕೆಲವು ಔಷಧಗಳನ್ನು ಮಕ್ಕಳಿಗೆ ಕೊಡಲೇಬಾರದು. ನಿಮೆಸುಲೈಡ್ ಅನ್ನು 12 ವರ್ಷದೊಳಗಿನ ಮಕ್ಕಳಿಗೆ ಬಳಸುವುದನ್ನು ಭಾರತ ಸರ್ಕಾರ 2011ರಲ್ಲೇ ನಿಷೇಧಿಸಿದೆ. ಆಸ್ಪಿರಿನ್ ಅನ್ನೂ ಮಕ್ಕಳ ಜ್ವರಕ್ಕೆ ಕೊಡಬಾರದು. ವೈರಾಣು ಜ್ವರದಲ್ಲಿ ಅದು ಮೆದುಳು ಮತ್ತು ಯಕೃತ್ತಿಗೆ ಹಾನಿ ಮಾಡುವ ‘ರೇ ಸಿಂಡ್ರೋಮ್’ ಎಂಬ ಅಪಾಯಕಾರಿ ಸ್ಥಿತಿ ತರಬಹುದು.

ತಪ್ಪು ನಂಬಿಕೆ 4: ಜ್ವರಕ್ಕೊಂದು, ನೆಗಡಿಗೊಂದು, ಕೆಮ್ಮಿಗೊಂದು ಸಿರಪ್

ಇಲ್ಲಿ ಎರಡು ಅಪಾಯಗಳಿವೆ.

ಮೊದಲನೆಯದು, ಹೆಸರು ಬೇರೆ, ಒಳಗಿನ ಔಷಧ ಒಂದೇ. ನೆಗಡಿಗೆ ಮಾರುವ ಅನೇಕ ಸಿರಪ್‌ಗಳಲ್ಲಿ ಪ್ಯಾರಾಸಿಟಮಾಲ್ ಸೇರಿಯೇ ಇರುತ್ತದೆ. ಜ್ವರದ ಸಿರಪ್ಪೂ ನೆಗಡಿಯ ಸಿರಪ್ಪೂ ಕೊಟ್ಟರೆ ನಮಗೆ ಅರಿವಿಲ್ಲದೆಯೇ ಪ್ರಮಾಣ ಇಮ್ಮಡಿಯಾಗುತ್ತದೆ. ದೊಡ್ಡ ಅಕ್ಷರದ ಹೆಸರು ಬಿಟ್ಟು, ಕೆಳಗೆ ಸಣ್ಣ ಅಕ್ಷರದಲ್ಲಿರುವ ಔಷಧಗಳ ಪಟ್ಟಿ ಓದಬೇಕಾದದ್ದು ಇದಕ್ಕೇ. ಓದಲು ಬಾರದಿದ್ದರೆ ಅಂಗಡಿಯವರನ್ನು “ಇವೆರಡರಲ್ಲೂ ಪ್ಯಾರಾಸಿಟಮಾಲ್ ಇದೆಯಾ?” ಎಂದು ನೇರವಾಗಿ ಕೇಳಿ.

ಎರಡನೆಯದು, ಪುಟ್ಟ ಮಕ್ಕಳಿಗೆ ನೆಗಡಿ-ಕೆಮ್ಮಿನ ಸಿರಪ್ಪೇ ಬೇಕಾಗಿರುವುದಿಲ್ಲ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯಲ್ಲಿ ‘ಕೋಲ್ಡ್ರಿಫ್’ ಎಂಬ ಸಿರಪ್ ಕುಡಿದ 20ಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ವಿಫಲವಾಗಿ ತೀರಿಕೊಂಡರು. ತಮಿಳುನಾಡಿನ ಕಾಂಚೀಪುರಂ ಜಿಲ್ಲೆಯಲ್ಲಿ ತಯಾರಾದ ಆ ಔಷಧವನ್ನು ಅಲ್ಲಿನ ಔಷಧ ನಿಯಂತ್ರಣ ಇಲಾಖೆ ಪರೀಕ್ಷಿಸಿದಾಗ, ಅದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಶೇ. 48.6ರಷ್ಟು ಸಿಕ್ಕಿತು. ಇರಬಹುದಾದ ಮಿತಿ ಶೇ. 0.1 ಮಾತ್ರ. 2022ರಲ್ಲಿ ಆಫ್ರಿಕಾದ ಗ್ಯಾಂಬಿಯಾದಲ್ಲಿ ಸುಮಾರು 70 ಮಕ್ಕಳ ಸಾವಿನ ಹಿಂದೆಯೂ ಇಂಥದ್ದೇ ಕಲಬೆರಕೆಯ ಸಿರಪ್‌ಗಳ ಮಾತು ಬಂದಿತ್ತು.

ಈ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿ ಸಿಹಿ. ಮನೆಯಲ್ಲಿ ನೋಡಿ, ಮೂಸಿ ಪತ್ತೆ ಮಾಡುವ ಉಪಾಯ ಯಾವುದೂ ಇಲ್ಲ. ಅಂಥದ್ದೊಂದು ‘ಟ್ರಿಕ್’ ಹೇಳುವ ವಿಡಿಯೋ ಬಂದರೆ ನಂಬಬೇಡಿ. ಹಾಗೆಂದು “ಎಲ್ಲ ಸಿರಪ್ಪೂ ವಿಷ” ಎಂಬ ಸಂದೇಶವೂ ಸುಳ್ಳೇ. ನಮ್ಮ ಕೈಯಲ್ಲಿರುವುದು ಒಂದೇ: ಬೇಡದ ಔಷಧ ಕೊಡದಿರುವುದು.

ಕೋಲ್ಡ್ರಿಫ್‌ನಲ್ಲಿ ಪ್ಯಾರಾಸಿಟಮಾಲ್ ಜೊತೆ ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಇದ್ದವು. ಈ ಕೊನೆಯ ಎರಡರ ಮಿಶ್ರಣವನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಲೇಬಲ್ ಮೇಲೆ ಎಚ್ಚರಿಕೆ ಹಾಕಲು ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲೇ ಸೂಚಿಸಿದ್ದರು. ಸಾವುಗಳ ನಂತರ, 2025ರ ಅಕ್ಟೋಬರ್‌ನಲ್ಲಿ, 2 ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿಯ ಸಿರಪ್ ಕೊಡಬೇಡಿ ಎಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವೂ ಕರ್ನಾಟಕದ ಆರೋಗ್ಯ ಇಲಾಖೆಯೂ ಹೇಳಿದವು. 5 ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಇವು ಬೇಡ ಎಂದು ಕೇಂದ್ರದ ಸಲಹೆಯಲ್ಲಿದೆ.

ಹಾಗಾದರೆ ಕೆಮ್ಮಿಗೆ ಏನು ಮಾಡುವುದು? ಮಕ್ಕಳ ಹೆಚ್ಚಿನ ನೆಗಡಿ-ಕೆಮ್ಮು ತಾನಾಗಿ ವಾಸಿಯಾಗುತ್ತದೆ. ಎದೆಹಾಲು, ಬೆಚ್ಚಗಿನ ದ್ರವ, ವಿಶ್ರಾಂತಿ, ಮೂಗು ಕಟ್ಟಿದ್ದರೆ ಉಪ್ಪುನೀರಿನ ನೇಸಲ್ ಡ್ರಾಪ್ಸ್ ಸಾಕು. ಒಂದು ವರ್ಷ ದಾಟಿದ ಮಗುವಿಗೆ ಸ್ವಲ್ಪ ಜೇನುತುಪ್ಪ ನೆಕ್ಕಿಸಬಹುದು. ಒಂದು ವರ್ಷದೊಳಗೆ ಜೇನು ಬೇಡವೇ ಬೇಡ. ಅದರಲ್ಲಿರಬಹುದಾದ ಸೂಕ್ಷ್ಮಾಣು ಎಳೆಯ ಕೂಸಿನ ಕರುಳಿನಲ್ಲಿ ಬೆಳೆದು ‘ಬೊಟುಲಿಸಂ’ ಎಂಬ ನರಗಳ ಕಾಯಿಲೆ ತರಬಹುದು. ಹುಟ್ಟಿದ ಕೂಸಿನ ನಾಲಿಗೆಗೆ ಜೇನು ಮುಟ್ಟಿಸುವ ರೂಢಿ ಇದ್ದರೆ ಅದನ್ನೂ ಬಿಡಿ.

ತಪ್ಪು ನಂಬಿಕೆ 5: ಉಳಿದ ಆ್ಯಂಟಿಬಯಾಟಿಕ್ ಮುಂದಿನ ಸಲಕ್ಕೆ ಆಗುತ್ತದೆ

ಮಕ್ಕಳ ಆ್ಯಂಟಿಬಯಾಟಿಕ್ ಅನೇಕ ಸಲ ಪುಡಿಯ ರೂಪದಲ್ಲಿ ಬರುತ್ತದೆ. ಕುದಿಸಿ ಆರಿಸಿದ ನೀರನ್ನು ಬಾಟಲಿಯ ಗುರುತಿನ ತನಕ ಮಾತ್ರ ಹಾಕಿ ಕುಲುಕಬೇಕು. ನೀರು ಹೆಚ್ಚಾದರೆ ಔಷಧ ತೆಳುವಾಗುತ್ತದೆ, ಕಡಿಮೆಯಾದರೆ ಗಟ್ಟಿಯಾಗುತ್ತದೆ. ನೀರು ಬೆರೆಸಿದ ಮೇಲೆ ಅದು ಲೇಬಲ್ ಹೇಳಿದಷ್ಟೇ ದಿನ, ಸಾಮಾನ್ಯವಾಗಿ ಒಂದು ವಾರ, ಬಾಳುತ್ತದೆ. ಪ್ರತಿ ಸಲ ಕುಲುಕಿ ಕೊಡಿ. ವೈದ್ಯರು ಹೇಳಿದಷ್ಟು ದಿನ ಕೊಟ್ಟ ಮೇಲೆ ಉಳಿದದ್ದನ್ನು ಎಸೆಯಿರಿ. ಅಕ್ಕನಿಗೆ ಬರೆದುಕೊಟ್ಟದ್ದು ತಮ್ಮನಿಗೆ ಬೇಡ. ವೈರಾಣುವಿನಿಂದ ಬಂದ ನೆಗಡಿಗೆ ಆ್ಯಂಟಿಬಯಾಟಿಕ್ ಕೆಲಸವನ್ನೇ ಮಾಡುವುದಿಲ್ಲ.

ತಪ್ಪು ನಂಬಿಕೆ 6: ಓಆರ್‌ಎಸ್ ಬರೀ ಉಪ್ಪು-ಸಕ್ಕರೆ, ಹೇಗೆ ಕಲಸಿದರೂ ಆದೀತು

ಭೇದಿಗೆ ಓಆರ್‌ಎಸ್ ಜೀವ ಉಳಿಸುವ ಔಷಧ. ಅದಕ್ಕೂ ಅಳತೆ ಇದೆ. ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ಶುದ್ಧ ನೀರಿಗೆ ಹಾಕಿ, 24 ಗಂಟೆಯೊಳಗೆ ಬಳಸಿ. ಅದೇ ಪೊಟ್ಟಣವನ್ನು ಒಂದು ಲೋಟಕ್ಕೆ ಹಾಕಿದರೆ ಉಪ್ಪು ಹೆಚ್ಚಾಗಿ ಅಪಾಯ. ಸಣ್ಣ ಪೊಟ್ಟಣಕ್ಕೆ ಎಷ್ಟು ನೀರು ಎಂದು ಅದರ ಮೇಲೆಯೇ ಬರೆದಿರುತ್ತದೆ. ಅಂಗಡಿಯ ಸಿಹಿ ಪಾನೀಯಗಳು ಓಆರ್‌ಎಸ್ ಅಲ್ಲ. ಅಂಥವುಗಳ ಹೆಸರಿನಲ್ಲಿ ‘ಓಆರ್‌ಎಸ್’ ಪದ ಬಳಸಕೂಡದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ.

ಔಷಧ ಕೊಡುವ ಮುನ್ನ ಐದು ಪ್ರಶ್ನೆ

1. ಮಗುವಿನ ಈಗಿನ ತೂಕ ಎಷ್ಟು? ತಾಯಿ ಕಾರ್ಡ್‌ನಲ್ಲಿ ಬರೆದಿರುತ್ತದೆ. ಹಳೆಯದಾಗಿದ್ದರೆ ಅಂಗನವಾಡಿಯಲ್ಲಿ ತೂಗಿಸಿ.
2. ಬಾಟಲಿಯೊಳಗಿನ ಔಷಧ ಯಾವುದು? ಬೇರೆ ಬಾಟಲಿಯಲ್ಲೂ ಅದೇ ಇದೆಯೇ?
3. ಎಷ್ಟು ಮಿ.ಲೀ.ನಲ್ಲಿ ಎಷ್ಟು ಮಿ.ಗ್ರಾಂ.?
4. ವೈದ್ಯರ ಚೀಟಿಯಲ್ಲಿ ಎಷ್ಟು ಮಿ.ಲೀ. ಎಂದಿದೆ? “ಚಮಚ” ಎಂದರೆ “ಎಷ್ಟು ಮಿ.ಲೀ.?” ಎಂದು ಕೇಳಿ ಬರೆಸಿಕೊಳ್ಳಿ.
5. ಕೊನೆಯ ಸಲ ಯಾರು, ಎಷ್ಟು ಗಂಟೆಗೆ ಕೊಟ್ಟರು? ಅಮ್ಮ ಕೊಟ್ಟದ್ದು ತಿಳಿಯದೆ ಅಜ್ಜಿ ಮತ್ತೆ ಕೊಡುವುದು ಕೂಡು ಕುಟುಂಬದಲ್ಲಿ ಸಾಮಾನ್ಯ. ಗೋಡೆಯ ಕ್ಯಾಲೆಂಡರ್ ಮೇಲೆ ಸಮಯ ಬರೆದಿಡಿ.

ಇಲ್ಲಿ ಕೊಟ್ಟ ಲೆಕ್ಕ ವೈದ್ಯರ ಚೀಟಿಯನ್ನು ಅರ್ಥ ಮಾಡಿಕೊಳ್ಳಲು, ಚೀಟಿಯ ಬದಲಿಗೆ ಅಲ್ಲ.

ಯಾವಾಗ ತಡಮಾಡಬಾರದು?

ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚು ಜ್ವರ ಇದ್ದರೆ ಮನೆಯಲ್ಲಿ ಔಷಧ ಹಾಕುತ್ತ ಕೂರಬೇಡಿ, ಆಸ್ಪತ್ರೆಗೆ ಹೋಗಿ. ಯಾವುದೇ ವಯಸ್ಸಿನ ಮಗು ಹಾಲು-ನೀರು ಬಿಟ್ಟರೆ, ಫಿಟ್ಸ್ ಬಂದರೆ, ಉಸಿರಾಡುವಾಗ ಪಕ್ಕೆ ಒಳಗೆ ಸೆಳೆದರೆ, ಎಬ್ಬಿಸಿದರೂ ಏಳದಷ್ಟು ಮಂಕಾದರೆ, ಮೂತ್ರ ತೀರಾ ಕಡಿಮೆಯಾದರೆ 108ಕ್ಕೆ ಕರೆ ಮಾಡಿ. ಔಷಧ ಹೆಚ್ಚಾಗಿದೆ ಅಥವಾ ಮಗುವೇ ಬಾಟಲಿ ಕುಡಿದಿದೆ ಎಂದು ಗೊತ್ತಾದರೆ, ಮಗು ಆಡಿಕೊಂಡಿದ್ದರೂ ಆಸ್ಪತ್ರೆಗೆ ಕರೆದೊಯ್ಯಿರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಬಾಟಲಿಯನ್ನು ಜೊತೆಗೆ ಒಯ್ಯಿರಿ.

ಅಬಲೂರಿನ ಆ ರಾತ್ರಿ ವೈದ್ಯರ ಚೀಟಿ ತಾಯಿ ಕಾರ್ಡ್‌ನ ಒಳಗೇ ಇತ್ತು. ಅದರಲ್ಲಿ “ಡ್ರಾಪ್ಸ್ 1 ಮಿ.ಲೀ.” ಎಂದು ಸ್ಪಷ್ಟವಾಗಿ ಬರೆದಿತ್ತು. ಡ್ರಾಪರ್‌ನಲ್ಲಿ ಅಷ್ಟೇ ಕೊಟ್ಟೆವು. ಮರುದಿನ ಅಜ್ಜಿ ಎರಡು ಬಾಟಲಿಗಳನ್ನು ಬೇರೆ ಬೇರೆ ಗೂಡಿಗೆ ಎತ್ತಿಟ್ಟರು.

ಮಕ್ಕಳ ಔಷಧದ ಬಗ್ಗೆ ಯಾವುದೇ ಸಂದೇಶ ಬಂದಾಗ ಎರಡು ವಿಷಯ ಹುಡುಕಿ: ಮಗುವಿನ ತೂಕ ಮತ್ತು ಔಷಧದ ಮಿ.ಗ್ರಾಂ. ಅವೆರಡೂ ಇಲ್ಲದೆ ಬರೀ “ಒಂದು ಚಮಚ” ಎಂದಿದ್ದರೆ ಅದನ್ನು ಮುಂದೆ ಕಳಿಸಬೇಡಿ.