ಖಾಲಿ ಹಡಗಿನ ಲೆಕ್ಕ: ವಿಹಾರಯಾನದ ಹುಟ್ಟು ಮತ್ತು ಬೆಳವಣಿಗೆ

ಗಂಡ ಹೆಂಡತಿ ಇಬ್ಬರಿಗೆಂದೇ ಅಳತೆ ಹಿಡಿದು ಕಟ್ಟಿದ ಒಂದು ಕೋಣೆ, ನೀರಲ್ಲದೆ ಬೇರೇನೂ ಕಾಣದ ಒಂದೆರಡು ದಿನ, ನಡುನಡುವೆ ಬೆಳಗ್ಗೆ ಇಳಿದು ಸಂಜೆಯೊಳಗೆ ಮರಳಿ ಹತ್ತಬೇಕಾದ ಒಂದೊಂದು ದ್ವೀಪ, ಕೊನೆಗೆ ಹೊರಟ ಬಂದರಿಗೇ ವಾಪಸು: ಕ್ರೂಸ್ ಎಂಬ ಹೆಸರಿನಲ್ಲಿ ಜಗತ್ತಿನಾದ್ಯಂತ ಮಾರಾಟವಾಗುವ ವಿಹಾರಯಾನದ ರೂಪ ಇದು. ಸಾಮಾನ್ಯ ನೌಕಾಯಾನದಲ್ಲಿ ಹಡಗು ಒಂದು ದಡದಿಂದ ಇನ್ನೊಂದು ದಡಕ್ಕೆ ಜನರನ್ನು ದಾಟಿಸುವ ಸಾಧನವಾಗಿದ್ದರೆ, ವಿಹಾರಯಾನದಲ್ಲಿ ಹೊರಟ ದಡವೂ ಸೇರುವ ದಡವೂ ಒಂದೇ ಆಗಿರುವುದರಿಂದ ಹಡಗಿನ ಮೇಲಿನ ವಾಸವೇ ಪ್ರಯಾಣದ ಗುರಿಯಾಗುತ್ತದೆ. ಸಮುದ್ರದ ಚೆಲುವಿಗೆ ಮನಸೋತವರು ಕಂಡುಕೊಂಡ ವ್ಯವಸ್ಥೆಯಂತೆ ಇದು ಮೇಲ್ನೋಟಕ್ಕೆ ತೋರಿದರೂ, ಅದರ ಒಂದೊಂದು ಅಂಗವನ್ನು ಬಿಡಿಸಿ ನೋಡಿದಾಗ ಕೆಲಸವಿಲ್ಲದೆ ನಿಂತ ಹಡಗಿನ ನಷ್ಟವನ್ನು ತುಂಬಿಕೊಳ್ಳುವ ಹವಣಿಕೆ ಮತ್ತು ಕರಾವಳಿ ದೇಶಗಳ ಕಾನೂನು ಎಂಬ ಎರಡು ಒತ್ತಡಗಳೇ ಹೆಚ್ಚಾಗಿ ಕಾಣಸಿಗುತ್ತವೆ.

ಉಗಿಹಡಗುಗಳ ಆರಂಭಕಾಲದಲ್ಲಿ ಸರ್ಕಾರದ ಅಂಚೆಯನ್ನು ಒಯ್ಯುವ ಗುತ್ತಿಗೆ ಪಡೆದ ಕಂಪನಿಗಳು ಪ್ರಯಾಣಿಕರು ತುಂಬಿದ್ದರೂ ಇಲ್ಲದಿದ್ದರೂ ನಿಗದಿತ ದಿನಕ್ಕೆ ಹಡಗು ಬಿಡಬೇಕಾಗಿತ್ತು. 1837ರಲ್ಲಿ ಐಬೀರಿಯ ಪರ್ಯಾಯದ್ವೀಪದ ಅಂಚೆಯನ್ನೂ 1840ರ ಹೊತ್ತಿಗೆ ಅಲೆಕ್ಸಾಂಡ್ರಿಯದ ಅಂಚೆಯನ್ನೂ ವಹಿಸಿಕೊಂಡಿದ್ದ ಬ್ರಿಟನ್ನಿನ ಪಿ ಅಂಡ್ ಓ ಕಂಪನಿಯು 1844ರಲ್ಲಿ ಮೆಡಿಟರೇನಿಯನ್ ಸಮುದ್ರದ ಪ್ರವಾಸಗಳನ್ನು ಮಾರಲು ತೊಡಗಿ, ಪ್ರಚಾರಕ್ಕಾಗಿ ಕಾದಂಬರಿಕಾರ ಥ್ಯಾಕರೆಗೆ ಪುಕ್ಕಟೆಯಾಗಿ ಪಯಣಿಸುವ ಅವಕಾಶ ಕೊಟ್ಟಿತು. ಆ ಪ್ರಯಾಣದ ಕಥನವು 1846ರಲ್ಲಿ ಪುಸ್ತಕವಾಗಿ ಹೊರಬಂದಿತು. ಆದರೆ ಅಲ್ಲಿ ಹಡಗು ತನ್ನ ಅಂಚೆಯ ಕೆಲಸದ ಮೇಲೆ ಸಾಗುತ್ತಿತ್ತು, ವಿಹಾರಿಗಳು ಒಂದು ಹಡಗಿನಿಂದ ಇಳಿದು ಇನ್ನೊಂದನ್ನು ಹತ್ತುತ್ತ ಅದರ ಜೊತೆಗೆ ಹೋಗುತ್ತಿದ್ದರು. 1867ರಲ್ಲಿ ನ್ಯೂಯಾರ್ಕಿನಿಂದ ಹೊರಟ ಕ್ವೇಕರ್ ಸಿಟಿ ಎಂಬ ಹಡಗು ಇಡಿಯಾಗಿ ಪ್ರವಾಸಕ್ಕೆಂದೇ ಬಾಡಿಗೆಗೆ ಪಡೆದದ್ದಾಗಿದ್ದು, ಅದರಲ್ಲಿದ್ದ ಮಾರ್ಕ್ ಟ್ವೈನ್‌ನ ಬರಹದಿಂದ ಹೆಸರುವಾಸಿಯಾಯಿತಾದರೂ, ಆ ಒಂದು ಪ್ರವಾಸದಿಂದ ನಿಯಮಿತ ವ್ಯಾಪಾರವೇನೂ ಬೆಳೆಯಲಿಲ್ಲ.

ವ್ಯಾಪಾರದ ಸೂತ್ರ ಸ್ಪಷ್ಟವಾಗಿ ಗೋಚರವಾದದ್ದು ಜರ್ಮನಿಯಲ್ಲಿ. ಚಳಿಗಾಲದಲ್ಲಿ ಅಟ್ಲಾಂಟಿಕ್ ಸಾಗರ ಪ್ರಕ್ಷುಬ್ಧವಾಗಿ, ದಾಟುವವರ ಸಂಖ್ಯೆ ಕುಸಿದು, ದುಬಾರಿ ಹಡಗುಗಳು ಬಂದರಿನಲ್ಲೇ ಉಳಿಯುತ್ತಿದ್ದವು. ಆದರೂ ಸಿಬ್ಬಂದಿಯ ಸಂಬಳ ಮತ್ತು ಸಾಲದ ಬಡ್ಡಿ ನಿಲ್ಲುತ್ತಿರಲಿಲ್ಲ. ಹಾಂಬುರ್ಗ್-ಅಮೆರಿಕ ಕಂಪನಿಯ ಪ್ರಯಾಣಿಕ ವಿಭಾಗವನ್ನು ನಡೆಸುತ್ತಿದ್ದ ಆಲ್ಬರ್ಟ್ ಬಾಲಿನ್, ಆಗುಸ್ಟಾ ವಿಕ್ಟೋರಿಯ ಎಂಬ ಹಡಗನ್ನು 1891ರ ಜನವರಿ 22ರಂದು 241 ಪ್ರಯಾಣಿಕರೊಡನೆ ಕುಕ್ಸ್‌ಹಾಫೆನ್ ಬಂದರಿನಿಂದ ಬಿಸಿಲಿನ ಮೆಡಿಟರೇನಿಯನ್ ಕಡೆಗೆ ಹೊರಡಿಸಿ, ಪತ್ನಿಯೊಂದಿಗೆ ತಾನೂ ಆ ಯಾನದಲ್ಲಿ ಭಾಗಿಯಾದನು. ಸುಮಾರು ಎರಡು ತಿಂಗಳ ಆ ಯಾನ ಯಶಸ್ವಿಯಾದುದರಿಂದ ಮುಂದಿನ ಚಳಿಗಾಲಗಳಿಗೂ ಅದೇ ಕ್ರಮ ಮುಂದುವರಿಯಿತು. ಇದರ ಫಲವಾಗಿ 1900ರಲ್ಲಿ ನೀರಿಗಿಳಿದ ಪ್ರಿನ್ಸೆಸಿನ್ ವಿಕ್ಟೋರಿಯ ಲೂಯಿಸ್ ಹಡಗು ಸಾಗಾಟದ ಗೊಡವೆಯೇ ಇಲ್ಲದೆ, ಎಲ್ಲವೂ ಮೊದಲ ದರ್ಜೆಯ ಕೋಣೆಗಳಾಗಿರುವಂತೆ, ವಿಹಾರಕ್ಕೆಂದೇ ನಿರ್ಮಾಣವಾಯಿತು. ಕೆರಿಬಿಯನ್ ದ್ವೀಪಗಳ ಯಾನವೊಂದರಲ್ಲಿ, 1906ರ ಡಿಸೆಂಬರಿನಲ್ಲಿ, ಅದು ಜಮೈಕಾದ ಬಳಿ ನೆಲಕ್ಕೆ ತಾಗಿ ನಾಶವಾಯಿತು.

ದಂಪತಿಗಳಿಗೆ ಹಡಗಿನಲ್ಲಿ ತಮ್ಮದೇ ಆದ ಕೋಣೆ ದೊರೆಯುವುದು ಆ ಕಾಲದಲ್ಲಿ ಸಿರಿವಂತಿಕೆಯ ಗುರುತಾಗಿತ್ತು. ಬ್ರಿಟನ್ನಿನಿಂದ ಆಸ್ಟ್ರೇಲಿಯಕ್ಕೆ ಸಾಗುತ್ತಿದ್ದ ವಲಸೆ ಹಡಗುಗಳ ಕೆಳ ಅಂತಸ್ತಿನಲ್ಲಿ ಒಂಟಿ ಗಂಡಸರನ್ನು ಮುಂಭಾಗದಲ್ಲಿ, ಮದುವೆಯಾಗದ ಹೆಂಗಸರನ್ನು ಹಿಂಭಾಗದಲ್ಲಿ, ಕುಟುಂಬಗಳನ್ನು ಮಧ್ಯದಲ್ಲಿ ಇರಿಸುವುದು ವಾಡಿಕೆಯಾಗಿದ್ದು, ಗಂಡ ಹೆಂಡತಿಯ ಮಲಗುವ ಹಲಗೆಗೂ ಪಕ್ಕದ ಕುಟುಂಬದ ಹಲಗೆಗೂ ನಡುವೆ ಇದ್ದ ಮರೆ ತೀರ ಅಲ್ಪವಾಗಿತ್ತು. ಇಂದಿನ ವಿಹಾರಯಾನದ ಲೆಕ್ಕಾಚಾರವಾದರೋ ಇಬ್ಬರನ್ನೇ ಮೂಲಮಾನವಾಗಿ ಹಿಡಿಯುತ್ತದೆ: ದರವನ್ನು ಇಬ್ಬರು ಹಂಚಿಕೊಂಡ ಕೋಣೆಯಲ್ಲಿ ತಲೆಗೆ ಇಷ್ಟು ಎಂದು ಹೇಳಲಾಗುತ್ತದೆ, ಒಬ್ಬರೇ ಬಂದರೆ ಸಾಮಾನ್ಯವಾಗಿ ಹೆಚ್ಚುವರಿ ಹಣ ತೆರಬೇಕಾಗುತ್ತದೆ, ಮಕ್ಕಳು ಮೂರನೆಯ ನಾಲ್ಕನೆಯ ಹಾಸಿಗೆಗಳನ್ನು ತುಂಬಿದಾಗ ಹಡಗಿನ ಭರ್ತಿ ನೂರಕ್ಕೆ ನೂರನ್ನೂ ಮೀರಿತೆಂದು ಕಂಪನಿಗಳು ಬರೆದುಕೊಳ್ಳುತ್ತವೆ.

ಸಮುದ್ರದ ಮೇಲಿನ ದಿನಕ್ಕೆ ತನ್ನದೇ ಬೆಲೆ ಬಂದುದರಲ್ಲಿ ಅಮೆರಿಕದ ಕಾನೂನುಗಳ ಪಾಲು ದೊಡ್ಡದು. 1921 ಮತ್ತು 1924ರ ಶಾಸನಗಳು ವಲಸಿಗರ ಸಂಖ್ಯೆಗೆ ಮಿತಿ ಹಾಕಿದಾಗ, ಅವರನ್ನೇ ನಂಬಿದ್ದ ಹಡಗುಗಳ ಕೆಳದರ್ಜೆ ಬರಿದಾಗಿ, ಅದನ್ನು ಸುಣ್ಣಬಣ್ಣ ಮಾಡಿಸಿ ಪ್ರವಾಸಿಗಳಿಗೆ ಮಾರುವ ಅನಿವಾರ್ಯ ಬಂದಿತು. ಅದೇ ಅವಧಿಯಲ್ಲಿ, 1920ರಿಂದ 1933ರವರೆಗೆ, ಅಮೆರಿಕದಲ್ಲಿ ಪಾನನಿಷೇಧ ಜಾರಿಯಲ್ಲಿದ್ದು, ವಿದೇಶಿ ಬಾವುಟದ ಹಡಗುಗಳು ದೇಶದ ಜಲಗಡಿಯನ್ನು ದಾಟಿದೊಡನೆ ಮದ್ಯ ಮಾರಬಹುದಾಗಿತ್ತು. ಹೀಗಾಗಿ ನ್ಯೂಯಾರ್ಕಿನಿಂದ ಹೊರಟು ಯಾವ ಊರನ್ನೂ ಮುಟ್ಟದೆ ಹಿಂದಿರುಗುವ ಯಾನಗಳು ಹುಟ್ಟಿಕೊಂಡವು. ಅಲ್ಲಿಯವರೆಗೆ ಸಹಿಸಿಕೊಂಡು ಕಳೆಯಬೇಕಾದ ಅಂತರವಾಗಿದ್ದ ಸಮುದ್ರವು ದಡದ ನಿರ್ಬಂಧಗಳು ತಲುಪದ ತಾಣವಾಗಿ ಮಾರಾಟಕ್ಕೆ ಬಂದಿತು.

1958ರ ಅಕ್ಟೋಬರಿನಲ್ಲಿ ಜೆಟ್ ವಿಮಾನಗಳು ಅಟ್ಲಾಂಟಿಕ್ ದಾಟತೊಡಗಿದ ಮೇಲೆ, ಹಡಗಿನಲ್ಲಿ ದಿನಗಟ್ಟಲೆ ಹಿಡಿಯುತ್ತಿದ್ದ ದಾರಿ ಗಂಟೆಗಳಿಗೆ ಇಳಿದು, ಸಾಗರದಾಚೆಗಿನ ಸಾಗಾಟವೆಂಬ ಕಸುಬೇ ಕೆಲವು ವರ್ಷಗಳಲ್ಲಿ ಮುಗಿದುಹೋಯಿತು. ಖಾಲಿ ಹಡಗಿನ ಪ್ರಶ್ನೆ ಈಗ ಚಳಿಗಾಲಕ್ಕೆ ಸೀಮಿತವಾಗಿ ಉಳಿಯಲಿಲ್ಲ. ನಾರ್ವೆಯ ಕ್ನುಟ್ ಕ್ಲೋಸ್ಟರ್ ಬ್ರಿಟನ್-ಜಿಬ್ರಾಲ್ಟರ್ ದಾರಿಗೆಂದು ಕಟ್ಟಿಸಿದ್ದ ಸನ್‌ವರ್ಡ್ ಹಡಗಿಗೆ, ಬ್ರಿಟನ್ ತನ್ನ ಪ್ರವಾಸಿಗರು ಒಯ್ಯಬಹುದಾದ ಹಣಕ್ಕೆ ಮಿತಿ ಹೇರಿದ್ದರಿಂದಲೂ ಸ್ಪೇನ್ ಜಿಬ್ರಾಲ್ಟರಿನ ಮೇಲೆ ನಿರ್ಬಂಧ ವಿಧಿಸಿದ್ದರಿಂದಲೂ ಜನ ಸಿಗದಾದರು; ಮಯಾಮಿಯಲ್ಲಿದ್ದ ಟೆಡ್ ಆರಿಸನ್ ಬಳಿ ಮುಂಗಡ ಕಾದಿರಿಸಿದ ಜನರಿದ್ದರೂ ಹಡಗಿರಲಿಲ್ಲ. ಇಬ್ಬರೂ ಕೈಜೋಡಿಸಿದ ಪರಿಣಾಮವಾಗಿ 1966ರ ಡಿಸೆಂಬರಿನಲ್ಲಿ ಸನ್‌ವರ್ಡ್ ಮಯಾಮಿಯಿಂದ ಬಹಾಮಾಸ್ ಕಡೆಗೆ ಹೊರಟಿತು. ಆರಿಸನ್ 1972ರಲ್ಲಿ ಕಾರ್ನಿವಲ್ ಕಂಪನಿಯನ್ನು ಆರಂಭಿಸಿದಾಗಲೂ ಬಳಸಿದ್ದು ಅಟ್ಲಾಂಟಿಕ್ ದಾಟುವ ಕೆಲಸ ಕಳೆದುಕೊಂಡಿದ್ದ ಹಳೆಯ ಹಡಗನ್ನೇ.

ದ್ವೀಪಗಳು ಈ ಯಾನದ ಅವಿಭಾಜ್ಯ ಅಂಗವಾದುದಕ್ಕೆ ಬಿಸಿಲು ಮತ್ತು ಮರಳಿನಷ್ಟೇ ಬಲವಾದ ಕಾರಣ ಅಮೆರಿಕದ 1886ರ ಪ್ರಯಾಣಿಕ ಹಡಗುಗಳ ಶಾಸನ. ತೆರಿಗೆ ಮತ್ತು ಕೂಲಿಯ ಉಳಿತಾಯಕ್ಕಾಗಿ ಪನಾಮ, ಲೈಬೀರಿಯ, ಬಹಾಮಾಸ್‌ನಂಥ ದೇಶಗಳಲ್ಲಿ ನೋಂದಣಿಯಾದ ಹಡಗುಗಳು, ಅಂದರೆ ಅನುಕೂಲಕ್ಕಾಗಿ ಪರದೇಶದ ಬಾವುಟ ಹಾರಿಸುವ ಹಡಗುಗಳು, ಅಮೆರಿಕದ ಒಂದು ಬಂದರಿನಿಂದ ಇನ್ನೊಂದಕ್ಕೆ ಪ್ರಯಾಣಿಕರನ್ನು ಒಯ್ಯುವಂತಿಲ್ಲ. ಅಮೆರಿಕದ ಬಂದರುಗಳನ್ನು ಸುತ್ತಿ ಬರುವ ಯಾನದ ದಾರಿಯಲ್ಲಿ ಪರದೇಶದ ಬಂದರೊಂದು ಸೇರಿರಬೇಕು. ಒಂದು ರಾತ್ರಿಯ ಪಯಣದಷ್ಟು ದೂರದಲ್ಲಿದ್ದ ಬಹಾಮಾಸ್ ಈ ಷರತ್ತಿಗೆ ಸರಿಯಾಗಿ ಒದಗಿತು. ಅದಕ್ಕೂ ಮೊದಲು ಅಮೆರಿಕದ ವಿಹಾರಿಗಳ ಮೆಚ್ಚಿನ ತಾಣವಾಗಿದ್ದ ಹವಾನಾ, 1959ರ ಕ್ಯೂಬಾ ಕ್ರಾಂತಿ ಮತ್ತು ನಂತರದ ನಿರ್ಬಂಧಗಳಿಂದ ಮುಚ್ಚಿಹೋದದ್ದು ಬಹಾಮಾಸ್‌ನ ನಸ್ಸೌ ಪಟ್ಟಣಕ್ಕೆ ಲಾಭವಾಯಿತು.

ದ್ವೀಪದ ದಿನಕ್ಕೂ ಸಮುದ್ರದ ದಿನಕ್ಕೂ ಆದಾಯದಲ್ಲಿ ಇದ್ದ ಅಂತರ ಕಂಪನಿಗಳಿಗೆ ಬೇಗ ಮನವರಿಕೆಯಾಯಿತು. ಹಡಗು ದಡದಲ್ಲಿ ನಿಂತಾಗ ಜೂಜಿನ ಕ್ಯಾಸಿನೊ ಮತ್ತು ಸುಂಕರಹಿತ ಅಂಗಡಿಗಳನ್ನು ಸಾಮಾನ್ಯವಾಗಿ ಮುಚ್ಚಬೇಕಾಗುವುದರಿಂದ, ಆ ದಿನ ಪ್ರಯಾಣಿಕರು ಬಿಚ್ಚುವ ಹಣ ಊರಿನ ಅಂಗಡಿಗಳಿಗೂ ಬಾಡಿಗೆ ಗಾಡಿಗಳಿಗೂ ಹೋಗುತ್ತದೆ. ನಡುಗಡಲಿನಲ್ಲಿ ಅದು ಹಡಗಿನೊಳಗೇ ಉಳಿಯುತ್ತದೆ. ದಡದ ದಿನವನ್ನೂ ತಮ್ಮ ಖಾತೆಗೆ ತಂದುಕೊಳ್ಳಲು ಕ್ಲೋಸ್ಟರನ ಕಂಪನಿ 1977ರಲ್ಲಿ ಬಹಾಮಾಸ್‌ನ ಗ್ರೇಟ್ ಸ್ಟಿರಪ್ ಕೇ ಎಂಬ ಕಿರುದ್ವೀಪವನ್ನು ಕೊಂಡುಕೊಂಡಿತು. 1986ರಿಂದ ರಾಯಲ್ ಕೆರಿಬಿಯನ್ ಕಂಪನಿ ಹೈಟಿಯ ಲಬಾಡಿ ಎಂಬ ಕಡಲ ಚಾಚನ್ನು ಗೇಣಿಗೆ ಪಡೆದು ಬಳಸತೊಡಗಿತು. ಹೀಗೆ ಊರಿಲ್ಲದ ದ್ವೀಪಗಳು ಹಡಗಿನ ಹೊರ ಅಂಗಳಗಳಾದವು. 1977ರಲ್ಲೇ ಅಮೆರಿಕದ ಟೆಲಿವಿಷನ್ನಿನಲ್ಲಿ ಶುರುವಾದ ಲವ್ ಬೋಟ್ ಧಾರಾವಾಹಿಯು ಹಡಗನ್ನು ಪ್ರೇಮಿಗಳ ಮತ್ತು ದಂಪತಿಗಳ ಕೂಡುತಾಣವಾಗಿ ಚಿತ್ರಿಸಿ, ಮುಪ್ಪಿನ ಸಿರಿವಂತರ ವಿನೋದವೆಂಬ ಹಳೆಯ ಹೆಸರನ್ನು ಅಳಿಸಲು ನೆರವಾಯಿತು. ಹಡಗುಗಳ ಗಾತ್ರವೂ ಹಿಗ್ಗಿತು: ಸನ್‌ವರ್ಡ್ 9,000 ಟನ್ನಿಗೂ ಕಡಿಮೆಯದಾಗಿದ್ದರೆ, 2009ರಲ್ಲಿ ಬಂದ ಓಯಸಿಸ್ ಆಫ್ ದಿ ಸೀಸ್ 2,25,000 ಟನ್ನನ್ನು ಮೀರಿತ್ತು. ಇಲ್ಲಿ ಟನ್ ಎಂಬುದು ತೂಕವನ್ನಲ್ಲದೆ ಹಡಗಿನ ಒಳಗಾತ್ರವನ್ನು ಸೂಚಿಸುವ ಮಾನ.

ಈ ಪದ್ಧತಿ ಭಾರತದ ಪಶ್ಚಿಮ ಕರಾವಳಿಗೆ ಬಂದದ್ದೂ ಅದೇ ಮಯಾಮಿಯ ಬಳಸುದಾರಿಯಿಂದ. ಮಯಾಮಿಯಿಂದ ಬಹಾಮಾಸ್‌ಗೆ ಮೂರು ನಾಲ್ಕು ರಾತ್ರಿಗಳ ಯಾನಕ್ಕೆಂದು 1990ರಲ್ಲಿ ಕಟ್ಟಿದ ನಾರ್ಡಿಕ್ ಎಂಪ್ರೆಸ್ ಎಂಬ ಹಡಗು ಒಡೆತನ ಬದಲಿಸುತ್ತ, 2021ರ ಸೆಪ್ಟೆಂಬರಿನಿಂದ ಕಾರ್ಡೀಲಿಯ ಕಂಪನಿಯ ಎಂಪ್ರೆಸ್ ಆಗಿ ಮುಂಬಯಿಯಿಂದ ಗೋವಾ, ಕೊಚ್ಚಿ, ಲಕ್ಷದ್ವೀಪಗಳ ಕಡೆಗೆ ಸಂಚರಿಸತೊಡಗಿತು. ಆ ದ್ವೀಪಗಳಿಗೂ ಕನ್ನಡ ಕರಾವಳಿಗೂ ಇದ್ದ ನಂಟು ಬೇರೆ ಬಗೆಯದು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ಮೊದಲಾದ ಅಮಿನ್‌ದಿವಿ ದ್ವೀಪಗಳು ಕಣ್ಣೂರಿನ ಅರಕ್ಕಲ್ ಮನೆತನದಿಂದ 1787ರಲ್ಲಿ ಟಿಪ್ಪುವಿನ ಆಳ್ವಿಕೆಗೆ ಬಂದು, 1799ರ ನಂತರ ಈಸ್ಟ್ ಇಂಡಿಯಾ ಕಂಪನಿಯ ವಶವಾಗಿ, 1956ರಲ್ಲಿ ಕೇಂದ್ರಾಡಳಿತ ಪ್ರದೇಶ ರಚನೆಯಾಗುವವರೆಗೂ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದವು. ದ್ವೀಪದ ಜನರು ತೆಂಗಿನ ನಾರನ್ನು ಹಾಯಿಹಡಗುಗಳಲ್ಲಿ ಮಂಗಳೂರಿಗೆ ತಂದು, ಸರ್ಕಾರದ ಏಕಸ್ವಾಮ್ಯದ ಕಟ್ಟಳೆಯಂತೆ ಒಪ್ಪಿಸಿ, ಪ್ರತಿಯಾಗಿ ಅಕ್ಕಿಯನ್ನು ಒಯ್ಯುತ್ತಿದ್ದರು. ಮಳೆಗಾಲ ಹಿಡಿದೊಡನೆ ಹಡಗುಗಳನ್ನು ದಡಕ್ಕೆಳೆದು ಕಡಲು ತಣಿಯುವವರೆಗೆ ಕಾಯುತ್ತಿದ್ದರು.

ಎಂಪ್ರೆಸ್ ಹಾಗೆ ಕಾಯಲಿಲ್ಲ. ಅರಬ್ಬೀ ಸಮುದ್ರದಲ್ಲಿ ಮುಂಗಾರು ಮೊದಲಾಗುವ 2022ರ ಜೂನ್ ತಿಂಗಳಿನಲ್ಲಿ ಆ ಹಡಗು ಚೆನ್ನೈಗೆ ಹೋಗಿ ಬಂಗಾಳ ಕೊಲ್ಲಿಯಲ್ಲಿ ಯಾನ ಆರಂಭಿಸಿತು. ಋತು ಮುನಿದ ಕಡಲನ್ನು ಬಿಟ್ಟು ಒಲಿದ ಕಡಲಿಗೆ ಹಡಗನ್ನು ಕಳುಹಿಸುವ ಈ ಜಾಣ್ಮೆ, 1891ರ ಜನವರಿಯಲ್ಲಿ ಹಾಂಬುರ್ಗ್ ಕಂಪನಿಯವರು ಮಾಡಿದ ಲೆಕ್ಕದ ಮರುಪಾಠವೇ ಆಗಿದೆ.